ಆರೂವರೆಯ ಹಸಿವು

ಮೊನ್ನೆ ಬಂದ ರಿಪೋರ್ಟ್‌ನಲ್ಲಿ ನನ್ನ ಎಚ್‌ಬಿಎ1ಸಿ 6.4. ಹೋದ ವರ್ಷ ಯುಗಾದಿ ಹೊತ್ತಿಗೆ 8.6 ಇತ್ತು. ಇದು ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ. ಪರೀಕ್ಷೆಗೆ ಮುಂಚೆ ಎರಡು ದಿನ ಪಥ್ಯ ಮಾಡಿ ಇದಕ್ಕೆ ಟೋಪಿ ಹಾಕಲಾಗದು (ಹಾಕಲು ನೋಡಿದ್ದೆ). ಸಕ್ಕರೆ ಕಾಯಿಲೆಯ ಮಾತ್ರೆ ಇನ್ನೂ ನಿಂತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಕೆಲವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು.

ಮೊದಲು ಡಯಟಿಷಿಯನ್ ಮೇಡಂಗೆ. ಏನೇನು ಬಿಡಬೇಕೆಂಬ ಪಟ್ಟಿ ಕೊಡುತ್ತಾರೆಂದು ಮುಖ ಗಂಟು ಹಾಕಿಕೊಂಡು ಕೂತಿದ್ದೆ. "ಒಂದು ವಾರ ಏನೂ ಬಿಡಬೇಡಿ ಸರ್. ತಿನ್ನೋಕೆ ಮುಂಚೆ ಗಂಟೆ ಎಷ್ಟು, ಹೊಟ್ಟೆ ಹಸಿದಿದೆಯಾ, ಮನಸ್ಸು ಹೇಗಿದೆ, ಇಷ್ಟು ಬರೀರಿ" ಅಂದರು. ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೆ ಅದೇನು ಕಷ್ಟ? ಬರೆದೆ. ವಾರದಲ್ಲಿ ನಾಲ್ಕು ಸಂಜೆ ಮಂಡಕ್ಕಿ-ಮೆಣಸಿನಕಾಯಿ. ನಾಲ್ಕೂ ಸಲ ಆರೂವರೆಗೆ, ನಾಲ್ಕೂ ಕ್ಯಾಷ್ ಟ್ಯಾಲಿ ಆಗದ ದಿನಗಳು! ದಾವಣಗೆರೆಯಲ್ಲಿ ಹುಟ್ಟಿದವನ ಕಾಲು ಆ ವಾಸನೆಗೆ ತಿರುಗದೆ ಇರುತ್ತಾ ಅಂತ ಇಷ್ಟು ವರ್ಷ ಊರಿನ ಮೇಲೆ ಹಾಕಿದ್ದೆ.

ಗಾಡಿಯ ಅಣ್ಣನಿಗೂ ನಮಸ್ಕಾರ. "ಒಂದೇ ಕೊಡಣ್ಣ, ಕೂತು ತಿಂತೀನಿ" ಅಂದಾಗ ನಗದೆ ಸ್ಟೂಲ್ ಎಳೆದು ಕೊಟ್ಟ. ನಿಂತು ಮೊಬೈಲ್ ನೋಡುತ್ತಾ ತಿನ್ನುವಾಗ ಪ್ಲೇಟು ಖಾಲಿಯಾದದ್ದೇ ತಿಳಿಯುತ್ತಿರಲಿಲ್ಲ. ಕೂತು ತಿಂದರೆ ಮೊದಲೆರಡು ತುತ್ತಿಗೆ ಖಾರ, ಘಮ ಎಲ್ಲ ಇತ್ತು. ಆಮೇಲೆ ನಾಲಿಗೆಗೆ ಸಿಕ್ಕಿದ್ದು ಬರೀ ಎಣ್ಣೆ.

ಮನೆಯಾಕೆಗೆ ಎಷ್ಟು ಹೇಳಿದರೂ ಸಾಲದು. ಮುದ್ದೆಗೆ ಸಕ್ಕರೆ ಏರಲ್ಲ ಎಂದುಕೊಂಡು ಎರಡೆರಡು ನುಂಗುತ್ತಿದ್ದೆ. ಮೀಟರ್ ಒಪ್ಪಲಿಲ್ಲ. ಅವಳು ವಾದಕ್ಕೆ ಬರದೆ, ಮೊದಲು ಸೊಪ್ಪಿನ ಪಲ್ಯ, ಹೆಸರುಕಾಳು ಬಡಿಸಿ, ಮುದ್ದೆಯನ್ನು ಆಮೇಲೆ ತರತೊಡಗಿದಳು, ಅದೂ ಒಂದೇ. ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗಲು ಸುಮಾರು 20 ನಿಮಿಷ ಬೇಕಂತೆ. ಟಿವಿ ಆರಿಸಿ, ಅಷ್ಟು ಹೊತ್ತೂ ಎದುರು ಕೂತು ಮಾತಾಡಿದಳು. ಅವಳಿಗೆ ಮೆಂತ್ಯ ಸೊಪ್ಪು ಸೇರುವುದಿಲ್ಲ ಅಂತ ಮದುವೆಯಾದ 22 ವರ್ಷಕ್ಕೆ ಆಗ ಗೊತ್ತಾಯಿತು.

ಕೊನೆಗೆ ಅಂಗಡಿ ಹುಡುಗರಿಗೆ. ಟ್ಯಾಲಿ ಆಗದ ದಿನ ನಾನು ಎದ್ದರೆ ಸಾಕು, "ಸಾರ್, ಹಸಿವಾ ಸಿಟ್ಟಾ?" ಅಂತ ಕೇಳುತ್ತಾರೆ. ರಿಪೋರ್ಟ್ ಬಂದ ಸಂಜೆಯೂ ಕೇಳಿದರು. ಖುಷಿ ಕಣ್ರೋ ಅಂದೆ. ಅದನ್ನೂ ಬರೀಬೇಕಲ್ಲ ಸಾರ್ ಅಂತ ಡೈರಿ ಮುಂದಿಟ್ಟರು. ಬರೆದೆ: ಬೆಣ್ಣೆ ದೋಸೆ, ಒಂದು, ಕೂತು.