ಮುದ್ರಣಾಲಯದ ಸ್ಥಳಾಂತರ ಮತ್ತು ನಮ್ಮಲ್ಲಿರುವ ಹಳೆಯ ಮಾದರಿ ಕಡತಗಳ ಕುರಿತು

ಮಾನ್ಯ ಗ್ರಾಹಕರೇ,

ಮೂರು ತಲೆಮಾರುಗಳಿಂದ ಮುಂಬಯಿಯ ಫೋರ್ಟಿನಲ್ಲಿ ನಡೆದುಬಂದ ನಮ್ಮ ಮುದ್ರಣಾಲಯವು ಬರುವ ದೀಪಾವಳಿಯ ನಂತರ ಡೊಂಬಿವಲಿ ಪೂರ್ವಕ್ಕೆ ಸ್ಥಳಾಂತರಗೊಳ್ಳಲಿದೆ. ಅಂದಿನಿಂದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕೆಲಸವನ್ನು ನಿಲ್ಲಿಸಿ, ಎಲ್ಲವನ್ನೂ ಆಫ್‌ಸೆಟ್‌ನಲ್ಲಿಯೇ ಮುದ್ರಿಸಿಕೊಡುತ್ತೇವೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇವೆ.

ನಾವಿರುವುದು ಪಗಡಿಯ ಜಾಗ, ಅಂದರೆ ಮೊದಲಿಗೇ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಅಲ್ಪ ಬಾಡಿಗೆಗೆ ಇರುವ ಜಾಗ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದಾಗಿ ಬಾಡಿಗೆ ಏರದೆ ಉಳಿದುದರಿಂದಲೇ ನಮ್ಮಂತಹ ಸಣ್ಣ ವ್ಯಾಪಾರಿಗಳು ಫೋರ್ಟಿನಲ್ಲಿ ಇಷ್ಟು ಕಾಲ ನಿಲ್ಲಲು ಸಾಧ್ಯವಾಯಿತು. ಅದೇ ಅಲ್ಪ ಬಾಡಿಗೆಯಿಂದ ಕಟ್ಟಡಗಳ ದುರಸ್ತಿ ಹಿಂದೆ ಬಿದ್ದು, ಈಗ ನಮ್ಮ ಕಟ್ಟಡವೂ ಪುನರ್ನಿರ್ಮಾಣಕ್ಕೆ ಹೋಗುತ್ತಿದೆ. ಮೊಳೆಗಳನ್ನು ಬಿಡುವ ಕಾರಣ ಬೇರೆ. ಗುಣಿತ ಮತ್ತು ಒತ್ತಕ್ಷರಗಳಿಂದಾಗಿ ಕನ್ನಡಕ್ಕೆ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಖಾನೆಗಳ ಮೊಳೆಪೆಟ್ಟಿಗೆ ಬೇಕು. ಅವುಗಳಲ್ಲಿ ಕಣ್ಣು ಮುಚ್ಚಿ ಕೈಯಾಡಿಸಬಲ್ಲ ನಮ್ಮ ಕೊನೆಯ ಕಂಪೋಸಿಟರ್ ನಿವೃತ್ತರಾಗಿದ್ದಾರೆ, ಸವೆದ ಮೊಳೆಗೆ ಬದಲಿ ನಮಗೆ ಸಿಗುತ್ತಿಲ್ಲ. ಬಿಲ್ ಬುಕ್ಕುಗಳಿಗೆ ನಂಬರು ಹಾಕಲು ಒಂದು ಹಳೆಯ ಟ್ರೆಡಲ್ ಅಚ್ಚಿನ ಯಂತ್ರವನ್ನು ಮಾತ್ರ ಒಯ್ಯುತ್ತೇವೆ.

ಆದರೆ ಮಾದರಿ ಕಡತಗಳನ್ನು ರದ್ದಿಗೆ ಹಾಕುವುದಿಲ್ಲ. ಮುದ್ರಿಸಿದ ಪ್ರತಿಯೊಂದು ಕೆಲಸದ ಒಂದು ಪ್ರತಿಯನ್ನು ಅಂಟಿಸಿಡುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಉಡುಪಿ ಹೋಟೆಲುಗಳ ದರಪಟ್ಟಿ, ಖಾನಾವಳಿಗಳ ಕೂಪನ್, ಜವಳಿ ದಲಾಲರ ರಸೀದಿ, ಕನ್ನಡ ರಾತ್ರಿಶಾಲೆಗಳ ವಾರ್ಷಿಕೋತ್ಸವದ ಆಮಂತ್ರಣ ಹೀಗೆ ಎಲ್ಲವೂ ಅಲ್ಲಿವೆ. ತಾರೀಖಿಲ್ಲದ ಹಾಳೆಯ ಕಾಲವನ್ನೂ ವಿಳಾಸದಿಂದಲೇ ಅಂದಾಜು ಮಾಡಬಹುದು: 1972ರಲ್ಲಿ ಪಿನ್‌ಕೋಡ್ ಬರುವ ಮೊದಲು ‘ಬಾಂಬೆ-1’ ಎಂದಷ್ಟೇ ಇರುತ್ತಿತ್ತು, ಫೋನ್ ನಂಬರು ಆರಂಕಿಯಿಂದ ಏಳಕ್ಕೆ, ಏಳರಿಂದ ಎಂಟಕ್ಕೆ ಬೆಳೆಯಿತು, 1995ರ ನಂತರ ‘ಬಾಂಬೆ’ ಹೋಗಿ ‘ಮುಂಬೈ’ ಬಂತು.

ನಮ್ಮನ್ನು ಹೆಚ್ಚು ಕಾಡುವುದು ಮುಂಬಯಿಯ ಬಟ್ಟೆ ಗಿರಣಿಗಳಿದ್ದ ಲಾಲ್‌ಬಾಗ್–ಪರೇಲ್ ಕಡೆಯ ಪುಟಗಳು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ, ಅವರನ್ನೇ ನಂಬಿದ್ದ ಖಾನಾವಳಿಗಳಿಂದ ಬರುತ್ತಿದ್ದ ಕೂಪನ್ ಆರ್ಡರುಗಳು ಮೊದಲು ಅರ್ಧಕ್ಕಿಳಿದು, ಆಮೇಲೆ ನಿಂತೇಹೋದವು. ಮುಚ್ಚಿದೆವೆಂದು ಯಾರೂ ಬರೆದು ತಿಳಿಸಲಿಲ್ಲ. ಅವರ ಹೆಸರಿನ ಕೆಳಗೆ ಖಾಲಿ ಪುಟಗಳಷ್ಟೇ ಉಳಿದಿವೆ. ಟಿ.ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದಲ್ಲಿ ಆರಂಭಿಸಿ, ಮುಂದೆ ಫೋರ್ಟಿಗೆ ತಂದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿದಾಗ ಓದುಗರು ಬಹಿರಂಗವಾಗಿ ಮರುಗಿದರು, ಪತ್ರಿಕೆಗಳು ಬರೆದವು. ಮಾಟುಂಗಾ ಸ್ಟೇಷನ್ ಬಳಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಕಥೆಯನ್ನೂ ಹಲವರು ದಾಖಲಿಸಿದ್ದಾರೆ. ಆ ಖಾನಾವಳಿಗಳಿಗೆ ಮಾತ್ರ, ನಮಗೆ ತಿಳಿದಂತೆ, ಈ ಕೂಪನ್ನುಗಳ ಹೊರತು ಬೇರೆ ಗುರುತಿಲ್ಲ.

ಆದ್ದರಿಂದ ಈ ಕಡತಗಳಿಗೆ ಬೈಂಡು ಹಾಕಿಸಿ, ಹೊಸ ಜಾಗದಲ್ಲಿ ಆಸಕ್ತರು ಕುಳಿತು ನೋಡಲು ಅನುಕೂಲ ಮಾಡಲಿದ್ದೇವೆ. ಲೆಕ್ಕಪತ್ರಗಳನ್ನಾಗಲಿ ಖಾಸಗಿ ಪತ್ರಗಳನ್ನಾಗಲಿ ಅದರಲ್ಲಿ ಸೇರಿಸುವುದಿಲ್ಲ. ತಮ್ಮ ಅಂಗಡಿಯ ಹಾಳೆಗಳನ್ನು ಪ್ರದರ್ಶಿಸುವುದು ಬೇಡವೆಂದಾದರೆ ದಯವಿಟ್ಟು ತಿಳಿಸಿರಿ, ಅವುಗಳನ್ನು ತಮಗೇ ಮರಳಿಸುತ್ತೇವೆ. ಮುಚ್ಚಿಹೋದ ಯಾವುದಾದರೂ ಹೋಟೆಲಿನ ಅಥವಾ ಅಂಗಡಿಯ ಕುಟುಂಬದವರ ಪರಿಚಯ ತಮಗಿದ್ದರೆ ಅವರಿಗೂ ಈ ವಿಷಯ ಮುಟ್ಟಿಸಬೇಕೆಂದು ಕೋರುತ್ತೇವೆ.

ಒಪ್ಪಿಕೊಂಡ ಕೆಲಸಗಳೆಲ್ಲ ಹಳೆಯ ದರದಲ್ಲಿಯೇ ಮುಗಿಯುತ್ತವೆ. ಫೋನ್ ನಂಬರು ಬದಲಾಗುವುದಿಲ್ಲ. ಫೋರ್ಟ್ ಮತ್ತು ಮಾಟುಂಗಾದ ಗ್ರಾಹಕರಿಗೆ ಬುಧವಾರ ಮತ್ತು ಶನಿವಾರ ನಾವೇ ಮಾಲು ತಲುಪಿಸುತ್ತೇವೆ. ದೀಪಾವಳಿಯವರೆಗೆ ಕಡತಗಳು ಫೋರ್ಟಿನ ಕೋಣೆಯಲ್ಲಿಯೇ ಇರುತ್ತವೆ. ಸಂಜೆ ಏಳರ ಒಳಗೆ ಬಂದು ತಮ್ಮ ಹಾಳೆಗಳನ್ನು ನೋಡಬಹುದು.

ತಮ್ಮ ವಿಶ್ವಾಸಿ,
ಮುದ್ರಣಾಲಯದ ಪಾಲುದಾರರು