ಕೀಲಿನ ಸಡಿಲವನ್ನು ಕುರಿತು ಮಗಳಿಗೆ

ತುಮಕೂರು

ಚಿ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರದ ಮೂರನೆಯ ಪುಟದಲ್ಲಿ, ಊಟದ ವಿಷಯಕ್ಕೂ ಬಾಡಿಗೆ ಮನೆಯ ವಿಷಯಕ್ಕೂ ನಡುವೆ ಸೇರಿಸಿದಂತೆ ಬರೆದಿರುವ ಒಂದು ಮಾತು ಎರಡು ರಾತ್ರಿಯಿಂದ ನನಗೆ ನಿದ್ದೆ ಕೊಟ್ಟಿಲ್ಲ. ನಿಮ್ಮ ಕಂಪನಿ ಮಾಡುತ್ತಿರುವ ಹೊಸ ಜೆಟ್ಟಿನ ಎಲಿವೇಟರಿನ, ಅಂದರೆ ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿಯ, ಕೀಲಿನಲ್ಲಿ ಸಡಿಲವು ಲೆಕ್ಕಕ್ಕೆ ಹಿಡಿದದ್ದಕ್ಕಿಂತ ಹೆಚ್ಚಿದೆ, ಕಂಪನ ಪರೀಕ್ಷೆಯ ಅಂಕಿಗಳೂ ಹೊಂದುತ್ತಿಲ್ಲ ಎಂದು ಹೇಳಿ, "ನಾನು ಎದ್ದು ಹೇಳಿದರೆ ಮೊದಲ ಹಾರಾಟ ಮುಂದೆ ಹೋಗುತ್ತದೆ, ಹಣ ಹಾಕಿದವರು ಕೈಬಿಟ್ಟರೆ ಇನ್ನೂರು ಜನರ ಅನ್ನ ಕಿತ್ತವಳು ನಾನಾಗುತ್ತೇನೆ" ಎಂದು ಬರೆದಿದ್ದೀಯ. ಉಳಿದದ್ದಕ್ಕೆ ಇನ್ನೊಮ್ಮೆ ಉತ್ತರಿಸುತ್ತೇನೆ. ಮನೆಯಲ್ಲಿ ಎಲ್ಲವೂ ನಿನಗೆ ಗೊತ್ತಿರುವಂತೆಯೇ ಇದೆ.

ಸಡಿಲ ಎಂದರೇನೆಂದು ನನಗೆ ಬಿಡಿಸಿ ಹೇಳಬೇಕಾಗಿಲ್ಲ, ಮೂವತ್ತು ವರ್ಷ ಕೀಲಿನ ಪಿನ್ನುಗಳನ್ನೂ ಅವು ಕೂರುವ ಬುಶ್ಶುಗಳನ್ನೂ ಅಳೆದವನು ನಾನು. ಆದರೆ ನೆಲದ ಯಂತ್ರದಲ್ಲಿ ಸಡಿಲವಿದ್ದರೆ ಮೊದಲು ಸದ್ದು ಬರುತ್ತದೆ, ಆಮೇಲೆ ಸವೆಯುತ್ತದೆ, ಮುರಿಯುವುದು ಕೊನೆಗೆ. ನಡುವೆ ನಿಲ್ಲಿಸಲು ಒಂದು ಅವಕಾಶವಾದರೂ ಸಿಗುತ್ತದೆ. ಕಳೆದ ಯುಗಾದಿಗೆ ಬಂದಾಗ ನೀನು ಫ್ಲಟರ್ ಎಂಬುದನ್ನು ವಿವರಿಸಲು ನಮ್ಮ ಕೊಟ್ಟಿಗೆಯ ತಗಡನ್ನು ತೋರಿಸಿದ್ದು ನೆನಪಿದೆಯೇ? ಒಂದು ಮೊಳೆ ಸಡಿಲಾದ ತಗಡು ಆಷಾಢದ ಗಾಳಿಗೆ ಮೊದಲು ಮೆಲ್ಲನೆ ಅದುರಿ, ಪ್ರತಿ ಅದುರಿಗೂ ಗಾಳಿಯಿಂದಲೇ ಬಲ ಪಡೆದು, ಕೊನೆಗೆ ಉಳಿದ ಮೊಳೆಗಳನ್ನೂ ಕಿತ್ತುಕೊಂಡು ಹಾರಿದಂತೆ ಎಂದಿದ್ದೆ. ವಿಮಾನದಲ್ಲಿ ಇದೆಲ್ಲ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ, ಪೈಲಟ್ ವೇಗ ಇಳಿಸುವಷ್ಟು ಹೊತ್ತೂ ಸಿಗದೆ ಹೋಗಬಹುದು ಎಂದೂ ಹೇಳಿದ್ದೆ. ಇಷ್ಟು ತಿಳಿದವಳು ಆ ಮಾತನ್ನು ಮೂರನೆಯ ಪುಟದ ನಡುವೆ ಅಡಗಿಸಿ ಬರೆದದ್ದು ನನ್ನನ್ನು ಹೆಚ್ಚು ಹೆದರಿಸಿತು.

ಗ್ರೋಬ್ ಎಂಬ ಜರ್ಮನ್ ಕಂಪನಿಯ ಎಸ್‌ಪಿಎನ್ ಎಂಬ ಚಿಕ್ಕ ಬಿಸಿನೆಸ್ ಜೆಟ್ಟಿನ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. 2006ರ ನವೆಂಬರಿನಲ್ಲಿ ಅದರ ಎರಡನೆಯ ಮಾದರಿ ವಿಮಾನ ಹಾರುತ್ತಿದ್ದಾಗ ಎಲಿವೇಟರಿನಲ್ಲಿ ಫ್ಲಟರ್ ಹುಟ್ಟಿ, ಬಾಲದ ಅಡ್ಡರೆಕ್ಕೆಯೇ ಮುರಿದು, ಪೈಲಟ್ ತೀರಿಹೋದರು. ಅದೇ ವರ್ಷ ಜುಲೈಯಲ್ಲಿ ಅಮೆರಿಕದ ಯೂಟಾದಲ್ಲಿ ಸ್ಪೆಕ್ಟ್ರಮ್ ಕಂಪನಿಯ ಹೊಸ ಜೆಟ್ಟಿನ ಐಲರಾನ್‌ಗಳ, ಅಂದರೆ ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯ ಪಟ್ಟಿಗಳ, ಜೋಡಣೆ ತಿರುಗುಮುರುಗಾಗಿ ಇಬ್ಬರು ಪರೀಕ್ಷಾ ಪೈಲಟ್‌ಗಳು ಸತ್ತರು. ಗ್ರೋಬ್ 2008ರಲ್ಲಿ ದಿವಾಳಿಯೂ ಆಯಿತು. ಅಲ್ಲಿ ಜೀವವೂ ಹೋಯಿತು, ಕಂಪನಿಯೂ ಹೋಯಿತು. ಯಾರ ಅನ್ನ ಉಳಿಯಿತು ಹೇಳು?

ಈಗ ನಿನ್ನ ಅಪ್ಪನಿಗೂ ಹೇಳದ ಒಂದು ಸಂಗತಿ ಬರೆಯುತ್ತೇನೆ. ಅಂತರಸನಹಳ್ಳಿಯ ಕಡೆ ನಾನು ಇನ್‌ಸ್ಪೆಕ್ಟರ್ ಆಗಿದ್ದ ಕಾರ್ಖಾನೆಯಲ್ಲಿ ಕಬ್ಬಿನ ಗಾಣಗಳಿಗೆ ಹೋಗುವ ಪಿನ್ನುಗಳನ್ನು ಮಾಡುತ್ತಿದ್ದೆವು. 1989ರ ಮಾರ್ಚ್ ಕೊನೆಯ ವಾರ, ಲಾರಿ ಗೇಟಿನಲ್ಲಿ ನಿಂತಿತ್ತು. ಗೇಜಿನ ನೋ-ಗೋ ಬಾಯಿ ಪಿನ್ನಿನ ಮೇಲೆ ಕೂರಬಾರದು. ಕೂತರೆ ಪಿನ್ನು ಸಣ್ಣದಾಗಿದೆ ಎಂದರ್ಥ. ಆ ಮಧ್ಯಾಹ್ನ ಹನ್ನೊಂದು ಪಿನ್ನುಗಳ ಮೇಲೆ ಗೇಜು, ನಾನು ಒತ್ತದೆಯೇ, ತನ್ನ ಭಾರಕ್ಕೆ ತಾನೇ ಜಾರಿ ಕೂತಿತು. ಆ ಎಣ್ಣೆ ಹಚ್ಚಿದ ಉಕ್ಕಿನ ಮೇಲೆ ಅದು ಸದ್ದಿಲ್ಲದೆ ಇಳಿದದ್ದು ಇಂದಿಗೂ ನನ್ನ ಬೆರಳಿಗೆ ನೆನಪಿದೆ. ಮಾಲೀಕರು ನನ್ನನ್ನು ಗದರಲಿಲ್ಲ. ಈ ಬಿಲ್ಲು ಬಾರದಿದ್ದರೆ ನಲವತ್ತು ಜನರ ಸಂಬಳ ಎಲ್ಲಿಂದ ತರಲಿ ಎಂದು ಮೆತ್ತಗೆ ಕೇಳಿದರು, ಅಷ್ಟೆ. ನಾನು ಮುದ್ರೆ ಒತ್ತಿದೆ.

ಮುಂದಿನ ಹಂಗಾಮಿನಲ್ಲಿ ಒಂದು ಗಾಣದಲ್ಲಿ ಹುಡುಗನೊಬ್ಬನ ಕೈ ಹೋಯಿತೆಂಬ ಸುದ್ದಿ ಬಂತು. ಅಲ್ಲಿದ್ದದ್ದು ನಮ್ಮ ಪಿನ್ನೋ ಅಲ್ಲವೋ ನನಗೆ ಗೊತ್ತಿಲ್ಲ. ಬಸ್ಸು ಹತ್ತಿದ್ದರೆ ಎರಡು ಗಂಟೆಯ ದಾರಿ. ಹೋಗಿ ಕೇಳಲಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಇನ್ನೆರಡು ವರ್ಷಕ್ಕೆ ಆರ್ಡರ್‌ಗಳೇ ನಿಂತು ಕಾರ್ಖಾನೆಗೆ ಬೀಗ ಬಿತ್ತು, ಆ ನಲವತ್ತು ಜನ ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಂಡರು. ನಾನು ಮುದ್ರೆ ಒತ್ತಿದ್ದರಿಂದ ಅವರಿಗೆ ಏನೂ ಉಳಿಯಲಿಲ್ಲ ಮಗಳೇ. 2009ರ ಮಾರ್ಚಿನಲ್ಲಿ ನಮ್ಮ ಬಿಡದಿಯ ಬಳಿ, ನಮ್ಮ ದೇಶದಲ್ಲೇ ಮಾಡಿ ಪರೀಕ್ಷಿಸುತ್ತಿದ್ದ ಸಾರಸ್ ವಿಮಾನ ಬಿದ್ದು ವಾಯುಪಡೆಯ ಮೂವರು ತೀರಿಹೋದರೆಂದು ಕೇಳಿದಾಗ, ತನಿಖೆಯಲ್ಲಿ ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಕ್ರಮದ ದೋಷ ಎಂದು ಬಂದ ಮೇಲೂ, ನನಗೆ ನೆನಪಾದದ್ದು ಆ ಹನ್ನೊಂದು ಪಿನ್ನುಗಳೇ.

ನಿನ್ನ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಹೊಸ ಜೆಟ್ ಮಾಡುವುದೆಂದರೆ ಮೊದಲ ವಿಮಾನ ಮಾರಾಟವಾಗುವ ಮೊದಲೇ ವರ್ಷಗಟ್ಟಲೆ ಹಣ ಸುರಿಯುವ ಕೆಲಸ. ಒಂದು ತಿಂಗಳು ತಡವಾದರೂ ಸಂಬಳ, ಬಡ್ಡಿ, ಹ್ಯಾಂಗರ್ ಬಾಡಿಗೆ ನಿಲ್ಲುವುದಿಲ್ಲ. ಲಿಯರ್‌ಜೆಟ್ 85 ಯೋಜನೆಯಲ್ಲಿ 2014ರಲ್ಲಿ ವಿಮಾನ ಹಾರಿತ್ತು, ಯಾರೂ ಸತ್ತಿರಲಿಲ್ಲ, ಆದರೂ ಮರುವರ್ಷ ಅದನ್ನು ನಿಲ್ಲಿಸಿ ಜನರನ್ನು ಮನೆಗೆ ಕಳಿಸಿದರು. ಯೋಜನೆಗಳು ಮಾರುಕಟ್ಟೆ ಬಿದ್ದರೂ ನಿಲ್ಲುತ್ತವೆ, ಎಂಜಿನ್ ಸಾಲದೆಯೂ ನಿಲ್ಲುತ್ತವೆ, ತೂಕ ಏರಿಯೂ ನಿಲ್ಲುತ್ತವೆ. ಒಬ್ಬ ಹುಡುಗಿ ಒಂದು ಅಳತೆ ಹೇಳಿದಳೆಂಬ ಕಾರಣಕ್ಕೆ ನಿಲ್ಲುವ ಯೋಜನೆ ಆಗಲೇ ಸೋತಿರುತ್ತದೆ ಎಂದೇ ನಾನು ನಂಬುತ್ತೇನೆ.

ತಪ್ಪನ್ನು ಒಪ್ಪಿ ತಡ ಮಾಡಿದವರೂ ಇದ್ದಾರಲ್ಲ. ಎಕ್ಲಿಪ್ಸ್ ಕಂಪನಿಯವರು 8,37,500 ಡಾಲರಿಗೆ ಜೆಟ್ ಕೊಡುತ್ತೇವೆಂದು ಹೊರಟು, 2002ರ ಆಗಸ್ಟಿನಲ್ಲಿ ಹಾರಿಸಿ, ಎಂಜಿನ್ನಿಗೆ ಬಲ ಸಾಲದೆಂದು ಅದೇ ವರ್ಷ ಆ ಎಂಜಿನ್ನನ್ನು ಕೈಬಿಟ್ಟರು. ಬೇರೆ ಎಂಜಿನ್ನಿಗೆ ವಿಮಾನವನ್ನೇ ತಿದ್ದಿ 2006ರಲ್ಲಿ ಪ್ರಮಾಣಪತ್ರ ಪಡೆದರು. ಅವರೂ 2008ರಲ್ಲಿ ಮುಳುಗಿದರು ನಿಜ, ಆದರೆ ಸಾವಿರಗಟ್ಟಲೆ ಮಾರಾಟವಾಗುತ್ತದೆಂದು ನಂಬಿ ಇಟ್ಟ ಬೆಲೆಯೇ ಅವರಿಗೆ ಭಾರವಾಯಿತು. ದಸೋ ಕಂಪನಿ ಫಾಲ್ಕನ್ 5ಎಕ್ಸ್ ಅನ್ನು ಎಂಜಿನ್ನಿನ ತೊಂದರೆಗೆ 2017ರಲ್ಲಿ ಕೈಬಿಟ್ಟು, ಅದೇ ಶ್ರಮದಿಂದ 6ಎಕ್ಸ್ ಮಾಡಿತು, 2023ರಲ್ಲಿ ಪ್ರಮಾಣಪತ್ರವೂ ಬಂತು. ದೊಡ್ಡ ಕಂಪನಿಗೆ ಅಂಥ ನಷ್ಟ ತಡೆಯುವ ಶಕ್ತಿ ಇರುತ್ತದೆ, ನಿಮ್ಮಂಥ ಚಿಕ್ಕದಕ್ಕೆ ಇರುವುದಿಲ್ಲ ಎಂದು ನೀನು ಹೇಳಬಹುದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ನಿಮ್ಮ ಕಚೇರಿಯ ರೀತಿನೀತಿ ನನಗೆ ತಿಳಿಯದು, ಆದ್ದರಿಂದ ಇದನ್ನು ಸಲಹೆ ಎನ್ನಲು ಸಂಕೋಚವಾಗುತ್ತದೆ. ಆದರೂ, ಆ ಅಳತೆಯನ್ನು ಬೇರೊಬ್ಬರ ಕೈಯಿಂದ, ಬೇರೆ ಡಯಲ್ ಗೇಜಿನಿಂದ, ನೀನು ಪಕ್ಕದಲ್ಲಿ ನಿಂತು ಇನ್ನೊಮ್ಮೆ ತೆಗೆಸು. ಕೀಲನ್ನು ಎರಡೂ ಕಡೆಗೆ ತಳ್ಳಿ ನೋಡಿದರೋ ಇಲ್ಲವೋ ಗಮನಿಸು. ಒಂದೇ ಕಡೆ ತಳ್ಳಿದರೆ ಸಡಿಲ ಪೂರ್ತಿ ಕಾಣುವುದಿಲ್ಲ. ಬಂದ ಅಂಕಿಯನ್ನು ದಿನಾಂಕ ಹಾಕಿ ಕಾಗದದ ಮೇಲೆ ಬರೆದುಕೊಡು, ಕ್ಯಾಂಟೀನಿನಲ್ಲಿ ಬಾಯಿಮಾತಿಗೆ ಬಿಡಬೇಡ. ಬುಶ್ಶು ಬದಲಿಸಿದರೆ ಮುಗಿಯುವ ಕೆಲಸವೂ ಆಗಿರಬಹುದು, ಯಾರು ಬಲ್ಲರು? ಆ ವಿಮಾನದಲ್ಲಿ ಕೂರುವ ಪೈಲಟ್ಟಿಗೆ ಮಾತ್ರ ಇದು ಮೊದಲು ತಿಳಿಯಬೇಕೆಂದು ನನಗೆ ಅನಿಸುತ್ತದೆ. ಅವರ ಮನೆಯಲ್ಲಿ ಯಾರು ಯಾರಿದ್ದಾರೆಂದು ನಿನಗೆ ಗೊತ್ತೇ?

ಕೆಲಸ ಹೋದರೆ ಮನೆ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲೆ ನಮ್ಮ ಕಡೆಯ ಹುಡುಗರೂ ಇಂಥ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ, ಅದೂ ಒಂದು ದಾರಿ. ಈಗ ಇದನ್ನು ಹೇಳುವುದು ಸರಿಯೋ ಅಲ್ಲವೋ ತಿಳಿಯದೆಯೇ ಬರೆದಿದ್ದೇನೆ.

ನಿನ್ನ ದೊಡ್ಡಮ್ಮನಿಗೆ ಈ ಪತ್ರ ಓದಿ ಹೇಳಲಿಲ್ಲ, ಗಾಣದ ವಿಷಯ ಅವಳಿಗೆ ಗೊತ್ತಿಲ್ಲ. ಪತ್ರ ತಲುಪಿದ ದಿನವೇ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ನಾನು ಎದ್ದಿರುತ್ತೇನೆ. ಯೋಗಕ್ಷೇಮ ಆಮೇಲೆ ಮಾತಾಡೋಣ. ಎರಡನೆಯ ಸಲ ಅಳೆದಾಗ ಎಷ್ಟು ಬಂತು ಎಂಬುದನ್ನು ಮೊದಲು ಹೇಳು.

ಇತಿ, ನಿನ್ನ ದೊಡ್ಡಪ್ಪ