ಜೋಡಿ ಔಷಧದ ಪ್ರಯೋಗ ನಮ್ಮ ಜಿಲ್ಲೆಗಳಿಗೂ ಬರಲಿ

ಮಾನ್ಯ ಸಂಪಾದಕರೇ,

ಉಲ್ಬಣಿಸಿದ ಶ್ವಾಸಕೋಶ ಕ್ಯಾನ್ಸರಿಗೆ ಎರಡು ಔಷಧಗಳನ್ನು ಜೋಡಿಸಿ ಕೊಡುವ ಪ್ರಯೋಗಗಳ ಸುದ್ದಿ ಬಂದಾಗಲೆಲ್ಲ ನಾನು ಅದನ್ನು ಎರಡೆರಡು ಸಲ ಓದುತ್ತೇನೆ. ನಮ್ಮ ತಾಯಿ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಅವರ ಕೆಮ್ಮಿಗೆ ಮೊದಲ ಐದು ತಿಂಗಳು ಕ್ಷಯದ ಗುಳಿಗೆಗಳೇ ಆದವು. ಕೊನೆಗೆ ಬಯಾಪ್ಸಿ ಆದ ಮೇಲೆ, ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಪುಟ್ಟ ಬ್ಲಾಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಜಮಖಂಡಿಯಿಂದ ಮಿರಜಿಗೂ ಅಲ್ಲಿಂದ ಮುಂಬೈಗೂ ಹೋದೆ. ಆ ಚೂರಿನಲ್ಲಿ, ಕೋಶಗಳ ಬೆಳವಣಿಗೆಗೆ ಸೂಚನೆ ಕೊಡುವ ಇಜಿಎಫ್‌ಆರ್ ಎಂಬ ಜೀನಿನ ದೋಷವಿದೆಯೆಂದು ತಿಳಿದ ಮೇಲೆಯೇ ಸರಿಯಾದ ಚಿಕಿತ್ಸೆ ಶುರುವಾಯಿತು.

ಈ ದೋಷವಿದ್ದವರಿಗೆ ಗೆಫಿಟಿನಿಬ್‌ನಂಥ ಗುಳಿಗೆ ದಿನಕ್ಕೊಂದರಂತೆ ಕೊಟ್ಟರೆ ಗಡ್ಡೆ ಕುಗ್ಗುತ್ತದೆ. ಆದರೆ ತಿಂಗಳುಗಳು ಕಳೆದಂತೆ ಕ್ಯಾನ್ಸರ್ ಕೋಶಗಳು ಟಿ790ಎಂ ಎಂಬ ಹೊಸ ಬದಲಾವಣೆಯಿಂದಲೋ, ಮೆಟ್ ಎಂಬ ಬೇರೊಂದು ಜೀನನ್ನು ಹೆಚ್ಚಿಸಿಕೊಂಡೋ ಔಷಧದಿಂದ ತಪ್ಪಿಸಿಕೊಳ್ಳುತ್ತವೆ. ಆ ಅಡ್ಡದಾರಿಯನ್ನು ಮೊದಲೇ ಮುಚ್ಚುವುದಕ್ಕಾಗಿಯೇ ಜೋಡಿ ಔಷಧ. ಇಜಿಎಫ್‌ಆರ್ ಮತ್ತು ಮೆಟ್ ಎರಡನ್ನೂ ತಡೆಯುವ ಅಮಿವಾಂಟಮ್ಯಾಬ್ ಇಂಜೆಕ್ಷನ್ನಿನ ಜೊತೆಗೆ ಲೇಜರ್ಟಿನಿಬ್ ಗುಳಿಗೆ ಕೊಟ್ಟ ಮಾರಿಪೋಸಾ ಪ್ರಯೋಗದಲ್ಲಿ ರೋಗ ಹತೋಟಿಯಲ್ಲಿದ್ದ ಅವಧಿಯ ಮಧ್ಯಾಂಕ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 23.7 ತಿಂಗಳು, ಒಸಿಮರ್ಟಿನಿಬ್ ಎಂಬ ಇಜಿಎಫ್‌ಆರ್ ತಡೆಯುವ ಗುಳಿಗೆ ಒಂದನ್ನೇ ಕೊಟ್ಟವರಲ್ಲಿ ಅದು 16.6 ತಿಂಗಳು. ನಮ್ಮ ದೇಶದಲ್ಲಿಯೂ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 350 ರೋಗಿಗಳಲ್ಲಿ ಗೆಫಿಟಿನಿಬ್ ಜೊತೆಗೆ ಕಿಮೋಥೆರಪಿ ಸೇರಿಸಿ ನೋಡಿದಾಗ ಆ ಅವಧಿ 8 ತಿಂಗಳಿನಿಂದ 16 ತಿಂಗಳಿಗೆ ಏರಿತು. ಅದೇ ಪ್ರಯೋಗದಲ್ಲಿ ತೀವ್ರ ಅಡ್ಡಪರಿಣಾಮ ಅನುಭವಿಸಿದವರು ಕಾಲುಭಾಗದಿಂದ ಅರ್ಧಕ್ಕೆ ಏರಿದರು. ಸುದ್ದಿಗಳಲ್ಲಿ ಮೊದಲ ಲೆಕ್ಕ ದಪ್ಪಕ್ಷರದಲ್ಲಿ ಬರುತ್ತದೆ, ಎರಡನೆಯದು ಬರುವುದೇ ಅಪರೂಪ. ಮನೆಯಲ್ಲಿ ರೋಗಿಯ ವಾಂತಿ, ಭೇದಿ, ಬಾಯಿಹುಣ್ಣು ನೋಡಿಕೊಳ್ಳುವವರಿಗೆ ಎರಡೂ ಬೇಕು. ದಯವಿಟ್ಟು ತಾವಾದರೂ ಎರಡನ್ನೂ ಒಟ್ಟಿಗೆ ಪ್ರಕಟಿಸಬೇಕು.

ಒಂದು ಪ್ರಯೋಗಕ್ಕೆ ಸೇರುವಿರಾ ಎಂದು ನಮ್ಮನ್ನೂ ಕೇಳಿದ್ದರು. ಒಪ್ಪಿಗೆ ಪತ್ರ ಹಿಂದಿಯಲ್ಲಿತ್ತು, ಮರಾಠಿಯಲ್ಲಿತ್ತು, ಕನ್ನಡದಲ್ಲಿ ಇರಲಿಲ್ಲ. "ಪ್ರಯೋಗ ಅಂದ್ರ ನನ್ನ ಮ್ಯಾಲ ಪರೀಕ್ಷಾ ಮಾಡ್ತಾರೇನಪಾ?" ಎಂದು ತಾಯಿ ಕೇಳಿದಾಗ, ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ ಎಂಬ ಮಾತು ನನಗೇ ಗೊತ್ತಿರಲಿಲ್ಲ. ನಾವು ಬೇಡವೆಂದು ಬಂದೆವು. ತಿಳಿದು ಬೇಡ ಎಂದಿದ್ದರೆ ಇಂದು ಇಷ್ಟು ಸಂಕಟವಾಗುತ್ತಿರಲಿಲ್ಲ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಇಂಥ ಪ್ರಯೋಗಗಳಿಗೆ ಅವನ್ನೂ ಕೇಂದ್ರಗಳನ್ನಾಗಿ ಮಾಡಿಕೊಳ್ಳಬೇಕು. ಬಯಾಪ್ಸಿಯ ಜೊತೆಯಲ್ಲೇ ಜೀನ್ ಪರೀಕ್ಷೆಯನ್ನೂ ಸರ್ಕಾರದ ಖರ್ಚಿನಲ್ಲಿ ಇಲ್ಲಿಯೇ ಮಾಡಿಸಬೇಕು. ಒಪ್ಪಿಗೆ ಪತ್ರವನ್ನು ನಮ್ಮ ಭಾಗದ ಕನ್ನಡದಲ್ಲಿ ಬರೆಸಿ, ಓದಲು ಬಾರದವರಿಗೆ ಕುಳಿತು ಓದಿ ಹೇಳಬೇಕು ಎಂದು ಆರೋಗ್ಯ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಓರ್ವ ಓದುಗ
ಜಮಖಂಡಿ, ಬಾಗಲಕೋಟೆ ಜಿಲ್ಲೆ